ಸುಣ್ಣದ ಗೆರೆಯ ಮೇಲೆ ಯಮನಿ

ರಾಯಚೂರು
೧೪-೪-೧೯೭೮

ಅಣ್ಣಾ,

ಈ ಪತ್ರವನ್ನು ನಿನ್ನ ಕೈಗೆ ಕೊಡುತ್ತಿರುವವಳೇ ನಿನ್ನ ಸೋದರಸೊಸೆ ಯಮನಿ. ಜಾಲಹಳ್ಳಿಗೆ ಹೊರಟಿದ್ದ ನಿಮ್ಮೂರವರ ಜೊತೆ ಬಸ್ಸು ಹತ್ತಿಸಿದ್ದೇನೆ. ಬೇಸಿಗೆ ರಜೆ ಮುಗಿಯುವವರೆಗೆ ನಿನ್ನಲ್ಲೇ ಇರಲಿ.

ಮೂರನೇ ತರಗತಿಯಲ್ಲಿ ಇದು ಎರಡನೇ ಸಲ ನಪಾಸು. ನಾನು ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುವ ಟೀಚರು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಪುಸ್ತಕ ತೆಗೆದರೆ ಸಾಕು, ಸಾಲುಗಳೆಲ್ಲ ಇರುವೆಯಂತೆ ಹರಿದಾಡುತ್ತವಂತೆ. ಇವತ್ತು ಓದಿದ ಪದ ನಾಳೆ ಹೊಸ ಮುಖ. ಮಾತು ನೋಡಿದರೆ ಅರಳು ಹುರಿದ ಹಾಗೆ. ಸೋಮಾರಿ ಎನ್ನಲೋ, ಹಟಮಾರಿ ಎನ್ನಲೋ ತಿಳಿಯದು. ನಮ್ಮ ಶಾಲೆಯಲ್ಲಿ ಯಾರಾದರೂ ‘ನಿಮ್ಮ ಮಗಳು ಹೆಂಗ ಓದತಾಳ್ರಿ?’ ಎಂದರೆ ನಾನು ಚಹಾದ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಇವರು ಮಾತು ಮುಗಿಸಿಬಿಟ್ಟಿದ್ದಾರೆ. ‘ಜೂನ್ ತಿಂಗಳಾಗ ಹೆಡ್ ಟೀಚರ್ ಮುಂದ ಒಂದು ಪಾಠ ಓದಿ ತೋರಸಲಿ. ಆಗಲಿಲ್ಲಂದ್ರ ಸಾಲಿ ಸಾಕು. ಮನ್ಯಾಗ ತಮ್ಮನ ತೊಟ್ಟಲಾ ತೂಗಲಿ’ ಎಂದರು. ಕಚೇರಿಯಲ್ಲಿ ಜವಾನನಾಗಿ ಸಾಹೇಬರ ಮುಂದೆ ದಿನವೆಲ್ಲ ತಲೆ ಬಗ್ಗಿಸಿ ಬರುವವರು ಮನೆಯಲ್ಲಿ ಒಮ್ಮೆ ತಲೆ ಎತ್ತಿ ಆಡಿದ ಮಾತನ್ನು ಹಿಂದೆಗೆಯುವುದಿಲ್ಲ. ನಿನಗೆ ಗೊತ್ತಲ್ಲ.

ದಿನಾ ಕಾಪಿ ಬರೆಸು. ಬರೆಯದೆ ಊಟಕ್ಕೆ ಕೂಡಿಸಬೇಡ. ನಿನ್ನ ನಾಟಕದ ಹುಚ್ಚನ್ನು ಮಾತ್ರ ಹತ್ತಿಸಬೇಡ, ಕೈ ಮುಗಿಯುತ್ತೇನೆ.

ನಿನ್ನ ತಂಗಿ
ಗೋಪಮ್ಮ


ಜಾಲಹಳ್ಳಿ
ದೇವದುರ್ಗ ತಾಲೂಕು
೨೭-೪-೧೯೭೮

ತಂಗೀ ಗೋಪವ್ವಾ! ಕಿವಿಗೊಟ್ಟು ಕೇಳು!

ಕಾಗದಕ್ಕ ಕಿವಿ ಹೆಂಗ ಕೊಡೋದು ಅಂತೀಯೇನು? ಅಪ್ಪ ಮೌನಪ್ಪ ಅಂತ ಹೆಸರಿಟ್ಟ, ದೇವರು ಮೂರು ಊರಿಗೆ ಕೇಳೂವಂಥ ಗಂಟಲಾ ಇಟ್ಟ. ಸಣ್ಣ ದನಿಯಾಗ ಬರಿಯಾಕ ನನಗ ಬರಂಗಿಲ್ಲ.

ನಿನ್ನ ಅಪ್ಪಣೆಯಂತೆ ಕಾಪಿ ಬರೆಸಿದೆ. ಅಬ್ಬಬ್ಬಾ! ಹುಡುಗಿ ಹಲಗಿ ಮುಂದ ಕುಂತಳಂದ್ರ ಗಲ್ಲಿಗೆ ಹಾಕಾಕ ಕರಕೊಂಡು ಬಂದ ಕೈದಿ ಕುಂತಂಗ ಕುಂಡರತಾಳ. ಬಲಗೈ ಬೆರಳ ಗಂಟು ಯಾಕ ಬಾತಾವು ಅಂತ ಕೇಳಿದೆ. ‘ಬಾಗಲಾಗ ಸಿಕ್ಕಿದ್ವು ಮಾವ’ ಅಂದಳು. ತಂಗೀ, ನಿಮ್ಮ ಮನಿ ಬಾಗಲಾ ಭಾಳ ಸಿಟ್ಟಿನದು ಕಾಣತದ.

ಎರಡು ದಿನ ನೋಡಿದೆ. ಮೂರನೇ ದಿನ ಹಲಗಿ ಅಟ್ಟಕ್ಕ ಏರಿಸಿದೆ. ಬೈಯಬ್ಯಾಡ. ಊಟ ಮಾಡಸದ ಇರೂದು ನಿನ್ನ ಅತ್ತಿಗಿ ಕೈಲಿ ಆಗಂಗಿಲ್ಲ, ನನ್ನ ಕೈಲಂತೂ ಮೊದಲೇ ಆಗಂಗಿಲ್ಲ.

ಈ ಬ್ಯಾಸಗಿಗೆ ನಮ್ಮೂರ ಹುಡುಗರಿಗೆ ‘ಚಂದ್ರಗಿರಿಯ ಸೇನಾಪತಿ’ ಕಲಸಾಕತ್ತೀನಿ. ದಿನಾ ಸಂಜಿಗೆ ಕಣದಾಗ ತಾಲೀಮು. ಸೇನಾಪತಿ ಯಾರು ಗೊತ್ತೇನು? ನಮ್ಮ ಸಾಬಣ್ಣ! ನೇಗಿಲ ಹಿಡಿದರ ಹೊಲ ನಡಗತದ, ನಾಟಕದ ಮಾತು ಕೊಟ್ಟರ ತಾನ ನಡಗತಾನ. ನಿಂತಲ್ಲೇ ಮಾತು ಹೇಳಿಕೊಟ್ಟರ ಒಂದೂ ಉಳಿಯಂಗಿಲ್ಲ. ಅದಕ್ಕ ನೆಲದ ಮ್ಯಾಲ ಸುಣ್ಣದ ಗೆರೆ ಹೊಡಿತೀನಿ. ‘ಎಲೈ ದ್ರೋಹಿ’ ಅಂತ ಇಲ್ಲಿಂದ ಅಲ್ಲಿಗೆ, ‘ನಿನ್ನ ರುಂಡ’ ಅಂತ ಅಲ್ಲಿಂದ ತಿರುಗಿ ಇಲ್ಲಿಗೆ. ಗೆರೆ ಮ್ಯಾಲ ನಡಕೋಂತ ಕಲತರ ಸಾಬಣ್ಣನ ಕಾಲಿಗೇ ಮಾತು ಬಂದುಬಿಡತದ! ನಾ ಓದು ಬರದ ಪಾತ್ರಧಾರಿಗಳಿಗೆಲ್ಲ ಕಲಸೋದು ಹಿಂಗ.

ನಿನ್ನ ಮಗಳು ತಾಲೀಮಿನ ಹೊತ್ತಿಗೆ ಕಣದ ಮೂಲ್ಯಾಗ ಬಂದು ಕುಂಡರತಾಳ. ಅಲ್ಲಿ ಆಕಿ ಮುಖ ನೋಡಬೇಕು ನೀನು. ಹಲಗಿ ಮುಂದ ಕುಂತ ಹುಡುಗಿ ಇಕಿಯೇನ ಅಂತ ನನಗ ಗುಮಾನಿ ಬಂತು.

ನಿನ್ನಣ್ಣ
ನಾಟಕದ ಮಾಸ್ತರ ಮೌನಪ್ಪ


ಜಾಲಹಳ್ಳಿ
೧೨-೫-೧೯೭೮

ಗೋಪವ್ವಾ!

ಕುಂತಿದ್ದರ ಎದ್ದು ನಿಲ್ಲು! ನಿಂತಿದ್ದರ ಕುಂಡರು! ಜಯಭೇರಿ ಬಾರಿಸು!

ನಿನ್ನ ಮಗಳು ಓದಿದಳು!

ತೆರೆಯ ಹಿಂದ ನಿಂತು ನಾಟಕದ ಪುಸ್ತಕ ನೋಡಿ ಪಾತ್ರದವರಿಗೆ ಮಾತು ಎತ್ತಿಕೊಡೂ ಹುಡುಗ ಜ್ವರ ಬಂದು ಮಲಗಿದ. ನಾ ಹಾರ್ಮೋನಿಯಂ ಬಿಡೂವಂಗಿಲ್ಲ, ತಬಲಾ ಬಾರಿಸೋ ಖಾಸಿಂ ಸಾಬ್‌ಗೆ ಕನ್ನಡ ಓದು ಬರಂಗಿಲ್ಲ. ಏನು ಮಾಡಲಿ ಅಂತ ತಲಿ ಮ್ಯಾಲ ಕೈ ಇಟ್ಟುಕೊಂಡು ಕುಂತಾಗ ಈ ಯಮನಿ ಬಂದು ‘ಮಾವ, ನಾ ಎತ್ತಿ ಕೊಡ್ಲಿ?’ ಅಂದಳು. ‘ಲೇ, ಪುಸ್ತಕ ಓದಬೇಕಾಗತದ’ ಅಂದೆ. ‘ಕೊಡು ಇಲ್ಲೆ’ ಅಂತ ಕಸಗೊಂಡಳು.

ಮೊದಲನೇ ಅಂಕ ಮುಗೀತು. ಒಂದು ತಪ್ಪಿಲ್ಲ. ಎರಡನೇ ಅಂಕ ಮುಗೀತು. ಒಂದು ತಡವರಿಕಿ ಇಲ್ಲ! ಹಾಳಿ ತಿರುವೋ ಹೊತ್ತಿಗೆ ತಿರುವತಾಳ. ರಾಣಿ ಮಾತು ರಾಣಿ ದನಿಯಾಗ, ಸೇನಾಪತಿ ಮಾತು ಸೇನಾಪತಿ ದನಿಯಾಗ. ಸಾಬಣ್ಣ ಗೆರೆ ಮ್ಯಾಲ ನಡಿಯೋದ ಬಿಟ್ಟು ಬಾಯಿ ತಕ್ಕೊಂಡು ನಿಂತ. ‘ಮಾಸ್ತರ, ನಂದೂ ಈಕಿಗೇ ಕೊಟ್ಟುಬಿಡ್ರಿ’ ಅಂದ. ಖಾಸಿಂ ಸಾಬ್ ತಬಲಾ ಮ್ಯಾಲ ಕೈ ಇಟ್ಟು ‘ವಾಹ್ ಬೇಟಿ!’ ಅಂದ. ಅಂವ ನನಗ ಹತ್ತು ವರ್ಷದಾಗ ಒಮ್ಮೆಯೂ ವಾಹ್ ಅಂದಿಲ್ಲ.

ನಿನ್ನ ಗಂಡ ಸುಂಕಪ್ಪನವರಿಗೆ ಈ ಪತ್ರ ಓದಿ ಹೇಳು. ಹೆಡ್ ಟೀಚರ್ ಒಂದು ಪಾಠ ಅಲ್ಲ, ಇಡೀ ಪುಸ್ತಕ ಕೊಡಲಿ!

ಮೌನಪ್ಪ


ರಾಯಚೂರು
೧೮-೫-೧೯೭೮

ಅಣ್ಣಾ,

ಪತ್ರ ಬಂದ ದಿನ ನಾನು ಅಡುಗೆ ಮಾಡಲಿಲ್ಲ. ಖುಷಿಗೆ ಕೈಯೇ ಓಡಲಿಲ್ಲ. ಇವರಿಗೆ ನಿನ್ನ ಪತ್ರವನ್ನು ಓದಿ ಹೇಳಿದೆ. ಕೇಳಿದವರೇ ಎದ್ದು ಹೋಗಿ ಹೋಟೆಲಿನಿಂದ ಪೂರಿ ತಂದರು. ಪೂರಿಯ ಜೊತೆ ಒಂದು ಪೊಟ್ಟಣ ಜಿಲೇಬಿಯೂ ಇತ್ತು.

ಅದನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿದೆ. ಪಕ್ಕದ ಮನೆಯ ಸುಗ್ರಾ ಬೇಗಂಗೆ ಹೇಳಿದೆ. ನಮ್ಮ ಶಾಲೆಯಲ್ಲಿ ಹೇಳಿದೆ. ಯಮನಿಯ ಹೆಡ್ ಟೀಚರಿಗೂ ಹೋಗಿ ಹೇಳಿ ಬಂದೆ. ಇನ್ನು ಲೋಟ ತೊಳೆಯಲು ಏಳುವುದಿಲ್ಲ.

ನಾಟಕ ಬೇಡ ಎಂದು ಬರೆದವಳು ನಾನೇ. ಆ ಮಾತು ಮರೆತುಬಿಡು.

ಗೋಪಮ್ಮ


ರಾಯಚೂರು
೯-೬-೧೯೭೮

ಅಣ್ಣಾ,

ನಿನ್ನ ಜಯಭೇರಿ ಏನಾಯಿತೆಂದು ಬರೆಯಬೇಕಾಗಿದೆ.

ನಿನ್ನೆ ನಾನು, ಇವರು ಇಬ್ಬರೂ ರಜೆ ಹಾಕಿ ಯಮನಿಯ ಜೊತೆ ಹೋದೆವು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಹೆಡ್ ಟೀಚರ್ ಇಡೀ ತರಗತಿಯ ಮುಂದೆ ಅವಳನ್ನು ನಿಲ್ಲಿಸಿ, ಪುಸ್ತಕದ ಮೂರನೇ ಪಾಠ ತೆಗೆದು ಕೊಟ್ಟರು. ಯಮನಿ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದಳು. ಎಡಗಾಲು ಮುಂದಿಟ್ಟಳು. ನಿನ್ನ ಹಾಗೆಯೇ ಗಂಟಲು ಸರಿ ಮಾಡಿಕೊಂಡಳು. ಆಮೇಲೆ ಒಂದಕ್ಷರವೂ ತಪ್ಪದೆ, ಭಾವ ತುಂಬಿ, ಏಳನೇ ಪಾಠ ಹೇಳಿದಳು.

ಮೂರನೇ ಪಾಠ ತೆರೆದ ಪುಸ್ತಕದ ಮುಂದೆ ಏಳನೇ ಪಾಠ, ಅಣ್ಣಾ! ಹೋದ ವರ್ಷ ತರಗತಿಯಲ್ಲಿ ಕೇಳಿ ಬಾಯಿಪಾಠವಾದದ್ದು. ಮಕ್ಕಳು ಡೆಸ್ಕು ಬಡಿದು ನಕ್ಕರು. ಹೆಡ್ ಟೀಚರ್ ಕೂಡ ಕರವಸ್ತ್ರ ಬಾಯಿಗೆ ಹಿಡಿದರು. ಅವಳಿಗೆ ಯಾಕೆ ನಗುತ್ತಿದ್ದಾರೆಂದು ತಿಳಿಯದೆ, ಚೆನ್ನಾಗಿ ಹೇಳಿದ್ದಕ್ಕೇ ನಗುತ್ತಿದ್ದಾರೆಂದುಕೊಂಡು ಅವಳೂ ನಕ್ಕಳು. ಅದನ್ನು ನೋಡಲಾಗಲಿಲ್ಲ.

ಅವಳು ನಿನ್ನ ನಾಟಕದ ಪುಸ್ತಕವನ್ನೂ ಓದಿಲ್ಲ. ಕೇಳಿ ಕಲಿತು ಒಪ್ಪಿಸಿದ್ದಾಳೆ. ಹಾಳೆ ತಿರುವಿದ್ದು ನೀವು ತಿರುವುವುದನ್ನು ನೋಡಿ. ಮೂವತ್ತು ವರ್ಷ ನಾಟಕ ಕಲಿಸಿದವನಿಗೆ ಓದುವವರು ಯಾರು, ಒಪ್ಪಿಸುವವರು ಯಾರು ಎಂದು ತಿಳಿಯಲಿಲ್ಲವೇ? ಜಿಲೇಬಿ ಹಂಚಿದ ಮನೆಗಳ ಮುಂದೆ ನಾನು ಹೇಗೆ ಓಡಾಡಲಿ?

ಇವರು ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ. ಮನೆಗೆ ಬಂದು ಒಂದೇ ಮಾತು ಹೇಳಿದರು: ‘ನಾ ಸಾಲ್ಯಾಗ ಹೊರಗ ಕಟ್ಟಿ ಮ್ಯಾಲ ಕುಂತು ಕಲತಾಂವ, ಒಳಗ ಬಿಡತಿದ್ದಿಲ್ಲ. ಒಳಗ ಕುಂತವರ ನಗಿ ಎಂಥಾದ್ದಿರತದ ನನಗ ಗೊತ್ತದ. ನನ್ನ ಮಗಳಿಗೆ ಅದು ಬ್ಯಾಡ.’

ಇವತ್ತಿನಿಂದ ಅವಳು ಶಾಲೆಗೆ ಹೋಗುತ್ತಿಲ್ಲ. ನಾನು ಬೀಗದ ಕೈ ಅವಳ ಕೊರಳಿಗೆ ಕಟ್ಟಿ ಬೇರೆ ಮಕ್ಕಳಿಗೆ ಪಾಠ ಹೇಳಲು ಹೋಗಿ ಬಂದೆ.

ಗೋಪಮ್ಮ


ಜಾಲಹಳ್ಳಿ
೨-೭-೧೯೭೮

ತಂಗಿ ಗೋಪವ್ವಗ,

ಇಷ್ಟು ದಿನ ಪತ್ರ ಬರೀಲಿಲ್ಲ. ಖರೇ ಹೇಳತೀನಿ, ಬಿತ್ತಿಗಿ ಹೊತ್ತಿನ್ಯಾಗೂ ನಾ ಒಂದು ಮಾತೂ ಆಡಿಲ್ಲ ಅಂತ ನಿನ್ನ ಅತ್ತಿಗಿ ಗಾಬರಿ ಆಗಿದ್ದಳು.

ನೀ ಬರದದ್ದು ಓದಿದ ಮ್ಯಾಲ ಟ್ರಂಕ್ ತೆಗೆದು ‘ಸೇನಾಪತಿ’ ಪುಸ್ತಕ ನೋಡಿದೆ. ಎರಡನೇ ಅಂಕದ ನಡುವ ಗೆದ್ದಲ ಎಂದೋ ಹಾಳಿಗೆ ಹಾಳೀನೇ ತಿಂದು ಹೋಗ್ಯಾವ! ಅಲ್ಲಿ ಅಕ್ಷರಾನೇ ಇಲ್ಲ! ಅಲ್ಲಿಯ ಮಾತೂ ನಮ್ಮ ಯಮನಿ ನಿಲ್ಲದ ಎತ್ತಿಕೊಟ್ಟಾಳ. ಇಲ್ಲದ ಹಾಳಿ ಓದಿದಳಲ್ಲ ಅಂತ ಈ ಮಾಸ್ತರನ ತಲಿಗೆ ಆವತ್ತು ಹೊಳೀಲೇ ಇಲ್ಲ. ನೀ ಬೈದದ್ದು ಕಡಿಮಿ ಆತು.

ಆದರ ತಂಗೀ, ಈಗ ನನ್ನ ಮಾತು ಕೇಳು. ಮೆಲ್ಲಗ ಹೇಳತೀನಿ.

ರಾಣಿ, ಮಂತ್ರಿ, ಸೇನಾಪತಿ, ಕಳ್ಳ, ಜೋಗತಿ, ದ್ವಾರಪಾಲಕ, ಎಲ್ಲರ ಮಾತೂ ಒಂದೇ ತಲ್ಯಾಗ ಇಟ್ಟುಕೊಂಡು, ಯಾರದು ಯಾವಾಗ ಅಂತ ಒಮ್ಮೆಯೂ ತಪ್ಪದ ಕೊಟ್ಟಳು. ಬರೀ ಕೇಳಿ! ನನ್ನ ನಾಟಕ ಕಂಪನಿ ದಿನಗಳಾಗೂ ಅಂಥಾ ತಲಿ ನಾ ಕಂಡಿಲ್ಲ. ಇಂಥಾಕಿ ದಡ್ಡಿ ಅಂದ್ರ ನಾನು ಎಮ್ಮಿ. ಸೋಮಾರಿ ಅಂತ ನೀ ಬರದಿದ್ದಿಯಲ್ಲ, ಸೋಮಾರಿ ಯಾರರ ಮೂರು ಅಂಕ ಹೊತ್ತುಕೊಂಡು ತಿರುಗತಾರೇನು? ಓದಾಕ ಬರಂಗಿಲ್ಲ ಅನ್ನೋದು ಮುಚ್ಚಾಕ ಆಕಿ ಪಟ್ಟ ಕಷ್ಟ, ಓದಾವ್ರು ಯಾರೂ ಪಟ್ಟಿರಂಗಿಲ್ಲ.

ಅಕ್ಷರ ಆಕಿ ಕಣ್ಣಾಗ ನಿಲ್ಲವಲ್ವು. ಸಾಬಣ್ಣಗ ಮಾತು ಕಿವ್ಯಾಗ ನಿಲ್ಲವಲ್ವು. ಸಾಬಣ್ಣಗ ನಾ ಏನ ಮಾಡಿದೆ? ಬೈದೆನೇನು? ಕಾಲಿಗೆ ಕಲಿಸಿದೆ! ಯಮನಿಗೂ ಅಕ್ಷರ ಕಾಲಿಗೆ ಕಲಸತೀನಿ. ಕಣದ ತುಂಬ ಬರೀತೀನಿ, ಸುಣ್ಣದಾಗ.

ದಸರಾ ಸೂಟಿಗೆ ಕಳಸು. ನೀನೂ ಬಾ, ಕೂಸಿನ್ನ ಕರಕೊಂಡು. ಓದಸಾಕ ಅಂತ ಸುಂಕಪ್ಪನವರಿಗೆ ಹೇಳಬ್ಯಾಡ. ತವರಮನಿಗೆ ಹೋಗತೀನಿ ಅನ್ನು. ಸುಳ್ಳೇನಲ್ಲ.

ಮೌನಪ್ಪ


ರಾಯಚೂರು
೨೦-೧೦-೧೯೭೮

ಅಣ್ಣಾ,

ಊರಿಗೆ ಬಂದು ಸೇರಿದೆವು. ಕೂಸಿಗೆ ಸ್ವಲ್ಪ ನೆಗಡಿ, ಮತ್ತೇನಿಲ್ಲ.

ನಿನ್ನೆದುರು ಹೇಳಲಿಲ್ಲ, ಪತ್ರದಲ್ಲಿ ಹೇಳುತ್ತೇನೆ. ಮೊದಲ ದಿನ ಕಣದ ತುಂಬ ಎತ್ತಿನ ಬಂಡಿಯಷ್ಟು ದೊಡ್ಡ ‘ಮ’ ನೋಡಿದಾಗ ನಿನಗೆ ತಲೆ ಕೆಟ್ಟಿದೆ ಅಂದುಕೊಂಡೆ. ನಾನು ತರಬೇತಿ ಮುಗಿಸಿದವಳು, ಯಾವ ಪುಸ್ತಕದಲ್ಲೂ ಅಂಥದ್ದನ್ನು ಓದಿರಲಿಲ್ಲ. ಆದರೆ ‘ವ’ಕ್ಕೆ ಬಾಲ ಹಚ್ಚಿದರೆ ‘ಮ’ ಎಂದು ತೋರಿಸಲು ಸಾಬಣ್ಣ ಬಂದು, ಅಂಗಿ ಕೊಳೆಯಾಗುವುದನ್ನೂ ನೋಡದೆ, ಬಾಲವಾಗಿ ಮಲಗಿದನಲ್ಲ! ‘ಸೇನಾಪತಿ ಎದ್ದ, ವ ಆತು!’ ಅಂತ ಎದ್ದು ಓಡುವುದು, ‘ಸೇನಾಪತಿ ಬಿದ್ದ, ಮ ಆತು!’ ಅಂತ ಬಂದು ಬೀಳುವುದು. ಯಮನಿ ನಕ್ಕು ನಕ್ಕು ಸುಣ್ಣದಲ್ಲೇ ಕುಳಿತುಬಿಟ್ಟಳು. ಅಕ್ಷರ ನೋಡಿ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಖಾಸಿಂ ಸಾಬ್ ಪ್ರತಿ ಅಕ್ಷರಕ್ಕೂ ಒಂದು ಪೆಟ್ಟು ಕೊಟ್ಟು ‘ರಾ, ಯ, ಚೂ, ರು’ ಎಂದು ಪದವನ್ನು ತುಂಡು ಮಾಡಿ ಕೊಟ್ಟದ್ದು ಅವಳಿಗೆ ಬಹಳ ಹಿಡಿಸಿದೆ. ಈಗ ಪಾತ್ರೆ ತಿಕ್ಕುವಾಗಲೂ ತಾಟಿನ ಮೇಲೆ ಊರುಗಳ ಹೆಸರು ಬಾರಿಸುತ್ತಾಳೆ.

ಇಷ್ಟಾದರೂ ಒಂದು ತೊಡಕಿದೆ. ಕಣದಲ್ಲಿ ಕಣ್ಣು ಮುಚ್ಚಿಕೊಂಡು ನಡೆದು ಹೆಸರು ಹೇಳಿದ ಅಕ್ಷರವನ್ನೇ ಪುಸ್ತಕದಲ್ಲಿ ತೋರಿಸಿದರೆ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಾಳೆ. ‘ಅವ್ವಾ, ಅಂವ ದೊಡ್ಡಾಂವ, ಇಂವ ಯಾರೋ ಸಣ್ಣಾಂವ’ ಎಂದಳು. ನನಗೆ ಸಿಟ್ಟು ಬರಲಿಲ್ಲ. ಆಶ್ಚರ್ಯವಾಯಿತು, ಯಾಕೆ ಬರಲಿಲ್ಲ ಅಂತ.

ಯೋಚಿಸಿ ಒಂದು ದಾರಿ ಮಾಡಿದ್ದೇನೆ. ಕಣದಿಂದ ನೇರ ಪುಸ್ತಕಕ್ಕೆ ಹಾರಿಸಬಾರದು, ಒಂದೊಂದೇ ಮೆಟ್ಟಿಲು ಇಳಿಸಬೇಕು. ಅಂಗಳದಲ್ಲಿ ರಂಗೋಲಿಯಷ್ಟು ಬರೆಯುತ್ತೇನೆ. ಅಲ್ಲಿ ಬೆರಳಾಡಿಸಿ ಗುರುತು ಹಿಡಿದ ಮೇಲೆ ಹಿಟ್ಟು ನಾದುವ ಪರಾತದಲ್ಲಿ ಜೋಳದ ಹಿಟ್ಟು ಹರಡಿ ಅಂಗೈಯಷ್ಟು. ಆಮೇಲೆ ಹಲಗೆ. ಪುಸ್ತಕ ಎಲ್ಲಕ್ಕಿಂತ ಕೊನೆಗೆ. ಒಂದೇ ಅಕ್ಷರ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಹೋಗುವುದನ್ನು ಅವಳು ನೋಡಲಿ, ಅವನೇ ಇವನು ಎಂದು ತಿಳಿಯಲಿ. ಮೊದಲು ‘ಮ’ವನ್ನೇ ತೆಗೆದುಕೊಂಡೆ. ನಿನ್ನೆ ಹಲಗೆಯವರೆಗೆ ಬಂತು.

ಇವರು ಕಚೇರಿಗೆ ಹೋದ ಮೇಲೆ, ನನ್ನ ಶಾಲೆಯ ಗಂಟೆಗೆ ಮುಂಚೆ ಇದೆಲ್ಲ. ಇವರಿಗೆ ಗೊತ್ತಿಲ್ಲ.

ಅಂದ ಹಾಗೆ, ನಮ್ಮ ಮನೆಯ ಬಾಗಿಲು ಈಗ ಯಾರ ಬೆರಳನ್ನೂ ಕಚ್ಚುತ್ತಿಲ್ಲ.

ಗೋಪಮ್ಮ


ಜಾಲಹಳ್ಳಿ
೮-೧೨-೧೯೭೮

ಎಲೈ ತಂಗೀ!

ಭಲಾ! ಭಲಾ! ನಾ ಅಕ್ಷರ ಕಣಕ್ಕ ಒಯ್ದು ಮೆರವಣಿಗಿ ಮಾಡಿ, ವಾಪಸ್ ಪುಸ್ತಕಕ್ಕ ತರೋದು ಹೆಂಗ ಅಂತ ತಿಳೀದ ಕುಂತಿದ್ದೆ. ನೀ ಅದನ್ನ ಪರಾತದಾಗ ಹಿಡದು ತಂದಿ! ನಾಟಕದ ಮಾಸ್ತರಗ ಎಲ್ಲಾ ದೊಡ್ಡದು ಮಾಡಾಕ ಬರತದ, ಸಣ್ಣದು ಮಾಡಾಕ ಬರಂಗಿಲ್ಲ. ಅದಕ್ಕ ಟೀಚರ್ ಬೇಕು. ಖಾಸಿಂ ಸಾಬ್‌ಗೆ ಓದಿ ಹೇಳಿದೆ. ‘ತೇರಿ ಬೆಹನ್ ಉಸ್ತಾದ್ ಹೈ’, ನಿನ್ನ ತಂಗಿ ದೊಡ್ಡ ಗುರು, ಅಂದ. ನನಗ ಇನ್ನಾ ಅಂದಿಲ್ಲ, ಇರಲಿ.

ಆಕಿ ಮರತರ ಮತ್ತ ಅಂಗಳಕ್ಕ ಕರಕೊಂಡು ಹೋಗು. ತಾಲೀಮು ಅಂದ್ರ ಅದೇ. ಸಾಬಣ್ಣ ‘ಎಲೈ ದ್ರೋಹಿ’ ಅನ್ನೋದಕ್ಕ ಒಂದು ಹಂಗಾಮಾನೇ ತಕ್ಕೊಂಡ. ಅಂದ ಮ್ಯಾಲ ಊರು ನಡಗಿತು.

ಮೌನಪ್ಪ


ರಾಯಚೂರು
೧೭-೨-೧೯೭೯

ಅಣ್ಣಾ,

ನಡುವೆ ಪತ್ರ ಬರೆಯಲಿಲ್ಲ. ಬರೆಯಲು ಒಳ್ಳೆಯದು ಇರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಯಮನಿ ಎರಡಕ್ಷರದ, ಮೂರಕ್ಷರದ ಪದ ಓದುತ್ತಿದ್ದಳು. ಆಮೇಲೆ ಜ್ವರ ಬಂತು. ಎದ್ದು ಕೂತಾಗ ಅರ್ಧ ಮರೆತಿದ್ದಳು. ಪುಸ್ತಕ ತೆಗೆದರೆ ‘ಮತ್ತ ಹರದಾಡಾಕತ್ತಾವ ಅವ್ವಾ’ ಎಂದು ಅತ್ತಳು. ನಾನೂ ಅತ್ತೆ, ಒಳಗೆ ಹೋಗಿ.

ಮರುದಿನ ಮದುವೆಯ ಆಮಂತ್ರಣದ ದಪ್ಪ ಕಾಗದ ತೆಗೆದುಕೊಂಡು ನಡುವೆ ಬ್ಲೇಡಿನಿಂದ ಒಂದು ಪದ ಕಾಣುವಷ್ಟೇ ಕಿಂಡಿ ಕೊರೆದೆ. ಸಾಲಿನ ಮೇಲೆ ಅದನ್ನಿಟ್ಟು ಸರಿಸಿದೆ. ಉಳಿದವೆಲ್ಲ ಮುಚ್ಚಿಹೋಗಿ ಒಂದೇ ಪದ ಉಳಿಯಿತು. ಅವಳು ತುಂಬ ಹೊತ್ತು ನೋಡಿದಳು. ‘ಅವ್ವಾ, ಇದು ತೆರಿ! ಒಬ್ಬೊಬ್ಬರ ಪ್ರವೇಶ ಮಾಡಾಕತ್ತಾರ!’ ಎಂದಳು. ಅಣ್ಣಾ, ಕೊರೆದವಳು ನಾನು. ಅದು ತೆರೆ ಅಂತ ನನಗೆ ಹೊಳೆದಿರಲಿಲ್ಲ. ಒಂದು ಪುಟಕ್ಕೆ ಒಂದು ಮುಂಜಾನೆ ಬೇಕು. ಬೆರಳು ಬಡಿಯುತ್ತ, ತಪ್ಪಿದರೆ ತಾನೇ ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಾಳೆ. ಅಷ್ಟು ಕಷ್ಟದ ಕೆಲಸವನ್ನು ದಿನವೂ ಬಂದು ಮಾಡುವ ಛಾತಿ ನನ್ನ ತರಗತಿಯ ಜಾಣ ಮಕ್ಕಳಲ್ಲಿ ಯಾರಿಗೂ ಇಲ್ಲ.

ಒಂದು ದಿನ ಇವರು ಊಟದ ಡಬ್ಬಿ ಮರೆತು ತಿರುಗಿ ಬಂದರು. ಪರಾತ, ಹಿಟ್ಟು, ನಮ್ಮಿಬ್ಬರ ಕೈ ನೋಡಿದರು. ‘ತಿನ್ನೋ ಹಿಟ್ಟು ಹಾಳು ಮಾಡಾಕತ್ತೀರೇನು?’ ಎಂದು ಹೋದರು. ಸಂಜೆ ಒಂದು ಚೀಲ ಜರಡಿ ಹಿಡಿದ ಸಣ್ಣ ಉಸುಕು ತಂದು ಅಂಗಳದಲ್ಲಿ ಸುರಿದರು. ಮುಖ ಗಂಟು ಹಾಕಿಕೊಂಡೇ ಇದ್ದರು. ಸಿಟ್ಟು ಇಳಿದಿಲ್ಲ. ಶಾಲೆಯ ಮಾತು ಎತ್ತಲು ನನಗೆ ಧೈರ್ಯವಿಲ್ಲ.

ಗೋಪಮ್ಮ


ಜಾಲಹಳ್ಳಿ
೬-೫-೧೯೭೯

ಗೋಪವ್ವಾ,

ಸಿಟ್ಟಿನ ಮನುಷ್ಯಾ ಉಸುಕು ಜರಡಿ ಹಿಡದು ತರತಾನೇನವ್ವಾ? ನೀ ಟೀಚರಾದರೂ ಗಂಡನ ಮುಖ ಓದಾಕ ಇನ್ನಾ ಕಲೀಬೇಕು.

ಯಮನಿ ಬಂದು ಮುಟ್ಟಿದಳು. ಈ ಸಲ ನಾ ಮೋಸ ಹೋಗಂಗಿಲ್ಲ ಅಂತ ಉಪಾಯ ಮಾಡಿದೆ. ಈ ವರ್ಷದ ನಾಟಕ ನಾನೇ ಬರದದ್ದು. ಯಾರಿಗೂ ಓದಿ ಹೇಳಿಲ್ಲ, ನಿನ್ನ ಅತ್ತಿಗಿಗೂ ಹೇಳಿಲ್ಲ. ಆಕಿ ಕೈಗೆ ಪುಸ್ತಕ ಕೊಟ್ಟು ‘ಎತ್ತಿ ಕೊಡು’ ಅಂದೆ. ಕಿಂಡಿ ಕಾಗದ ಇಟ್ಟುಕೊಂಡಳು. ಕಾಲಿನ ಹೆಬ್ಬೆರಳು ನೆಲಕ್ಕ ಬಡಿಯಾಕ ಸುರು ಮಾಡಿತು. ಒಂದು ಪದ. ಕಿಂಡಿ ಸರಿಸಿದಳು. ಇನ್ನೊಂದು ಪದ. ಖಾಸಿಂ ಸಾಬ್ ಬೀಡಿ ಹಚ್ಚಿದ, ಸೇದಿ ಮುಗಿಸಿದ, ಅಷ್ಟರಾಗ ಒಂದು ಸಾಲು ಆತು. ನಾ ‘ಲಗೂನ’ ಅನ್ನಾಕ ಬಾಯಿ ತೆರದೆ. ಸಾಬಣ್ಣ ನನ್ನ ಬಾಯಿ ಮುಚ್ಚಿದ!

‘ಮಾಸ್ತರ, ಸುಮ್ಮಕಿರ್ರಿ. ನೀವು ಗಾಡಿ ಓಡಿಸಿದಂಗ ಹೇಳತೀರಿ. ಈಕಿ ಹೇಳಿದ್ದು ನನಗ ತಲ್ಯಾಗ ಕುಂಡರಾಕತ್ತದ’ ಅಂದ.

ಹೋದ ವರ್ಷ ಪಾತ್ರದವರು ಹೇಳತಿದ್ದರು, ಆಕಿ ಕೇಳತಿದ್ದಳು. ಈಗ ಆಕಿ ಓದತಾಳ, ಅವರು ಕೇಳತಾರ. ನಿಧಾನ ಓದೋ ಹುಡುಗಿ, ನಿಧಾನ ಕಲಿಯೋ ರೈತರು. ನಡುವ ನನಗೇನ ಕೆಲಸ? ಹಾರ್ಮೋನಿಯಂ ಧೂಳ ಒರಸ್ಕೋಂತ ಕುಂತೀನಿ.

ಈ ತಿಂಗಳು ಕೊನಿಗೆ ಮಾನ್ವಿಯಾಗ ನಮ್ಮ ನಾಟಕ. ಸುಂಕಪ್ಪನವರನ್ನ ಕರಕೊಂಡು ಬಾ. ಯಮನಿಯನ್ನ ಅಲ್ಲಿಂದನ ಊರಿಗೆ ಕರಕೊಂಡು ಹೋಗೀರಿ. ಓದಿನ ಮಾತು ನೀನೂ ಎತ್ತಬ್ಯಾಡ, ನಾನೂ ಎತ್ತಂಗಿಲ್ಲ. ನಿನ್ನಾಣಿ.

ಮೌನಪ್ಪ


ರಾಯಚೂರು
೨೯-೫-೧೯೭೯

ಅಣ್ಣಾ,

ನಾಟಕ ಮುಗಿದ ಮೇಲೆ ನೀವು ತೆರೆ, ಟ್ರಂಕು ಎಲ್ಲ ಲಾರಿಗೆ ಹೇರಿಕೊಂಡು ಹೋದಿರಿ. ಬೆಳಿಗ್ಗೆ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಆದದ್ದು ನಿನಗೆ ಗೊತ್ತಿಲ್ಲ. ಬೇರೆ ಯಾರೂ ಹೇಳುವ ಮೊದಲು ನಾನೇ ಬರೆಯಬೇಕು.

ರಾಯಚೂರಿನ ಬಸ್ಸಿಗೆ ಕಾಯುತ್ತಿದ್ದೆವು. ನಿನ್ನ ನಾಟಕದ ಬಗ್ಗೆ ಇವರು ‘ಛಲೋ ಇತ್ತು’ ಎಂದರು. ಹಿಂದೆ ನಿಂತು ಮಾತು ಎತ್ತಿಕೊಟ್ಟವಳ ಬಗ್ಗೆ ಏನೂ ಅನ್ನಲಿಲ್ಲ. ಹೋದ ವರ್ಷದ ಹಾಗೆ ಕೇಳಿ ಕಲಿತದ್ದೆಂದೇ ತಿಳಿದಿದ್ದರು. ನಿನಗೆ ಮಾತು ಕೊಟ್ಟಂತೆ ನಾನೂ ಬಾಯಿ ಬಿಡಲಿಲ್ಲ.

ನಮ್ಮ ಮುಂದೆ ಒಂದು ಬಸ್ಸು ಬಂದು ನಿಂತಿತು. ಯಮನಿ ಅದರ ಮೂತಿಯ ಮುಂದೆ ಹೋಗಿ ತಲೆ ಎತ್ತಿ ಬೋರ್ಡು ನೋಡತೊಡಗಿದಳು. ಕಿಂಡಿಯ ಕಾಗದ ಅಷ್ಟು ಮೇಲೆ ಮುಟ್ಟುವುದಿಲ್ಲವಲ್ಲ. ಎರಡೂ ಅಂಗೈಗಳನ್ನು ಕಣ್ಣಿನ ಅಕ್ಕಪಕ್ಕ ಹಿಡಿದು ತಾನೇ ಕಿಂಡಿ ಮಾಡಿಕೊಂಡಳು. ಕಾಲಿನ ಹೆಬ್ಬೆರಳು ನೆಲಕ್ಕೆ ಬಡಿಯಿತು.

‘ದೇ... ವ... ದು...’

ಇವರು ಚಹಾದ ಲೋಟ ಬಾಯಿಗೆ ಹಿಡಿದವರು ಹಾಗೇ ನಿಂತರು.

‘ದುರ್ಗ. ದೇವದುರ್ಗ. ಸಿ... ರ... ಮಾ... ಅಲ್ಲ, ಅಲ್ಲ. ವಾ. ಬಾಲ ಇಲ್ಲ. ಸಿರವಾರ.’

ಕಂಡಕ್ಟರ್ ಸೀಟಿ ಊದಿದ. ಡ್ರೈವರ್ ಹಾರ್ನ್ ಹೊಡೆ ಹೊಡೆದು ‘ಏ ಹುಡುಗಿ, ಸರಿ ಆಕಡೆ!’ ಎಂದು ಬೈದ. ಅವಳು ಹೆದರಿ ಪಕ್ಕಕ್ಕೆ ಸರಿದಳು, ಕೈ ಕೆಳಗಿಳಿಸಿದಳು. ಬಸ್ಸು ಹೊರಟಿತು.

ಅಷ್ಟರಲ್ಲಿ ಚಹಾದ ಲೋಟ ನನ್ನ ಕೈಯಲ್ಲಿತ್ತು. ಇವರು ಬಸ್ಸಿನ ಮುಂದಿದ್ದರು. ಎರಡೂ ಕೈ ಎತ್ತಿಕೊಂಡು! ಸಾಹೇಬರ ಮುಂದೆ ಬಾಗಿಲ ಮರೆಯಲ್ಲೇ ನಿಲ್ಲುವ ಮನುಷ್ಯ, ಅಣ್ಣಾ, ಬಸ್ಸಿಗೆ ಅಡ್ಡ!

‘ಹತ್ತಾವರಿದ್ರ ಲಗೂ ಹತ್ತರಿ ಮಾರಾಯರ!’ ಎಂದ ಕಂಡಕ್ಟರ್.

‘ಹತ್ತಂಗಿಲ್ರಿ. ನಾವು ರಾಯಚೂರಿಗೆ ಹೋಗಾವ್ರು.’

‘ಮತ್ತ ಸಿಂಧನೂರ ಗಾಡಿ ಯಾಕ ನಿಂದ್ರಿಸಿದ್ರಿ?’

‘ನನ್ನ ಮಗಳು ಇನ್ನಾ ಓದಾಕತ್ತಾಳ್ರಿ.’

ಕಂಡಕ್ಟರ್‌ಗೆ ಏನೂ ತಿಳಿಯಲಿಲ್ಲ. ಕಿಟಕಿಗಳಿಂದ ತಲೆಗಳು ಹೊರಬಂದವು. ‘ಏನಾತು, ಏನಾತು?’ ‘ಬೋರ್ಡ್ ಓದಾಕತ್ತಾಳಂತ.’ ‘ಬೋರ್ಡ್ ಓದಾಕ ಇಷ್ಟೊತ್ತೇನು?’ ಒಬ್ಬ ನಕ್ಕ. ನನಗೆ ಜೂನ್ ತಿಂಗಳ ಆ ತರಗತಿ ಕಣ್ಣ ಮುಂದೆ ಬಂತು. ಇವರಿಗೂ ಬಂದಿರಬೇಕು, ಕುತ್ತಿಗೆಯ ನರ ಉಬ್ಬಿದ್ದವು. ಆಗ ಮುಂದಿನ ಸೀಟಿನ ಮುದುಕಿಯೊಬ್ಬಳು ಕಿಟಕಿಯಿಂದ ಕೈ ಹೊರಗೆ ಚಾಚಿ, ‘ಓದವ್ವಾ, ಓದು. ನಮಗೇನ ಅವಸರಿಲ್ಲ’ ಎಂದಳು.

ಯಮನಿ ನಕ್ಕವನ ಕಡೆ ತಿರುಗಿ, ‘ತಡೀರಿ, ಪ್ರವೇಶ ಇನ್ನಾ ಮುಗಿದಿಲ್ಲ’ ಎಂದಳು. ನಿನ್ನದೇ ದನಿ. ಮತ್ತೆ ಅಂಗೈ ಕಣ್ಣಿನ ಪಕ್ಕಕ್ಕೆ ಹೋದವು. ‘ಮಾ... ನ್ವಿ. ಮಾನ್ವಿ. ಸಿಂ... ಧ... ನೂ... ರು. ಸಿಂಧನೂರು!’

ಇವರು ಕೈ ಕೆಳಗಿಳಿಸಿ, ಪಕ್ಕಕ್ಕೆ ಸರಿದು, ಡ್ರೈವರ್‌ಗೆ ನಮಸ್ಕಾರ ಮಾಡಿದರು. ‘ಆತ್ರಿ. ಹೋಗ್ರಿ.’

ಆಮೇಲೆ ರಾಯಚೂರು ಬಸ್ಸು ಬಂತು. ನಾನು ಗಂಟು ಎತ್ತಿಕೊಂಡೆ. ‘ಇದು ಹೋಗಲಿ’ ಎಂದರು. ಅವಳು ಅದರ ಬೋರ್ಡು ಓದಿದಳು. ಇನ್ನೊಂದು ಬಂತು. ಅದನ್ನೂ ಓದಿಸಿದರು. ಅಂಗಡಿಯ ಬೋರ್ಡು, ಬೀಡಿಯ ಜಾಹೀರಾತು, ಕಂಬಕ್ಕೆ ಹಚ್ಚಿದ್ದ ನಿಮ್ಮ ನಾಟಕದ ಹರಿದ ಹಸ್ತಪತ್ರಿಕೆ, ಯಾವುದನ್ನೂ ಬಿಡಲಿಲ್ಲ. ಅವಳು ತಪ್ಪಿ ಹಿಂದೆ ಬಂದಾಗಲೆಲ್ಲ ಇವರು ಉಸಿರು ಹಿಡಿದು ನಿಲ್ಲುತ್ತಿದ್ದರು. ಒಮ್ಮೆಯೂ ಬಾಯಿ ಹಾಕಲಿಲ್ಲ.

ಕೊನೆಗೆ ಬಸ್ಸು ಹತ್ತಿದಾಗ ಬಿಸಿಲು ಏರಿತ್ತು. ಯಮನಿ ಇವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಬಹಳ ದೂರ ಬಂದ ಮೇಲೆ ಇವರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು:

‘ಸಾಲಿ ಎಂದು ಸುರು ಆಗತದ?’

‘ಜೂನ್ ನಾಕಕ್ಕ. ಸೋಮವಾರ’ ಎಂದೆ.

‘ಮೂರನೇ ಕ್ಲಾಸಿನ್ಯಾಗ, ಸಣ್ಣ ಹುಡುಗರ ಜೋಡಿ ಕುಂಡರಬೇಕಾಗತದೇನು?’

‘ಹೂಂ.’

‘ನಗತಾರ.’

‘ನಗತಾರ’ ಎಂದೆ.

ಅವಳ ಮಡಚಿದ ಕಾಲಿನ ಹೆಬ್ಬೆರಳು ನಿದ್ದೆಯಲ್ಲೂ ಸಣ್ಣಗೆ ಅಲುಗುತ್ತಿತ್ತು. ಅದರ ಮೇಲೆ ಕೈಯಿಟ್ಟರು.

‘ಸೋಮವಾರ ನಾ ರಜಾ ಹಾಕತೀನಿ’ ಎಂದರು. ‘ನಾನೇ ಕರಕೊಂಡು ಹೋಗಿ ಕುಂಡರಸತೀನಿ. ಒಳಗ, ಮುಂದಿನ ಸಾಲಿನ್ಯಾಗ.’

ಗೋಪಮ್ಮ